ಹನ್ನೆರಡನೆಯ ಬಾಯಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಲಾಯಿ ಹಾಕುವ ಮಕ್ತುಂಸಾಬರು. ಹೇಳಿದ್ದು ಮೂರು ವರ್ಷದ ಹಿಂದೆ, ಮಾಘ ಮಾಸದ ಒಂದು ಇಳಿಹೊತ್ತಿನಲ್ಲಿ, ಬಾವಿಕಟ್ಟೆಯ ಪಕ್ಕದ ಹುಣಸೆಯ ನೆರಳಿನಲ್ಲಿ. ತಿದಿ ಒತ್ತುತ್ತ, ಕಾದ ಪಾತ್ರೆಯ ಒಳಮೈಗೆ ನವಸಾಗರ ಉಜ್ಜಿ ತವರ ಬಳಿಯುತ್ತ, ಕೆಲಸ ನಿಲ್ಲಿಸದೆ ಹೇಳಿದರು. ಕೇಳಲು ಕುಳಿತಿದ್ದವರು ತಮ್ಮ ಪಾತ್ರೆಗಳಿಗಾಗಿ ಕಾಯುತ್ತಿದ್ದ ಹದಿನೈದಿಪ್ಪತ್ತು ಮಂದಿ, ಹೆಚ್ಚಿನವರು ಹೆಂಗಸರು. ಆಮೇಲೆ ಇದೇ ಕಥೆಯನ್ನು ನಾನು ಇನ್ನಿಬ್ಬರ ಬಾಯಲ್ಲಿ ಕೇಳಿದ್ದೇನೆ. ಹಲ್ಲು ಎಡಗಡೆಯದೋ ಬಲಗಡೆಯದೋ ಎಂಬಲ್ಲಿ ಪಾಠಭೇದವಿದೆ. ಉಳಿದಂತೆ ಮೂರೂ ಒಂದೇ. ನಾನು ಮಕ್ತುಂಸಾಬರ ಪಾಠವನ್ನು ಹಿಡಿದಿದ್ದೇನೆ. ಊರಿನ ಹೆಸರನ್ನು ಮಾತ್ರ ಅವರು ಕೊಡಲಿಲ್ಲ.

"ಹೆಸರು ಹೇಳಿದ್ರ ನೀವು ಹುಡುಕ್ಕೊಂಡು ಹೋಗ್ತೀರಿ," ಎಂದರು. "ಹೋದಮ್ಯಾಲ ಯಾರರ ಮನ್ಯಾಗ ನಾಕು ದಿನ ಊಟಕ್ಕ ಕುಂದರ್ತೀರಿ. ಆಮ್ಯಾಲ ಯಾರ ಹಲ್ಲು ನಿಮಗ ನೋಯತೈತೋ ಯಾರಿಗೆ ಗೊತ್ತು? ಬ್ಯಾಡ್ರಿ ಮಾಸ್ತರ, ಹೆಸರು ಬ್ಯಾಡ."

ಆ ಊರಿನಲ್ಲಿ ಯಾರಿಗೂ ತಮ್ಮ ಹಲ್ಲು ನೋಯುವುದಿಲ್ಲ. ಒಬ್ಬರ ಹಲ್ಲು ಹುಳುಕಾದರೆ ಅದರ ನೋವು, ಅದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವ ಇನ್ನೊಬ್ಬರಿಗೆ ಹೋಗುತ್ತದೆ. ಯಾರಿಗೆ ಹೋಗುವುದೆಂದು ಮೊದಲೇ ಹೇಳಲು ಬಾರದು. ಮೊಮ್ಮಗ ಬೆಲ್ಲ ತಿಂದು ಬಾಯಿ ತೊಳೆಯದೆ ಮಲಗುವುದನ್ನು ರೂಢಿಸಿಕೊಂಡರೆ ವರ್ಷ ತುಂಬುವುದರೊಳಗೆ ಅಜ್ಜನ ದವಡೆ ಸಿಡಿಯತೊಡಗುತ್ತದೆ. ಆದ್ದರಿಂದ ಅಜ್ಜಂದಿರು ಬೇವಿನ ಕಡ್ಡಿ ಹಿಡಿದು ಮೊಮ್ಮಕ್ಕಳ ಹಿಂದೆ ಓಡುವುದು ಅಲ್ಲಿ ದಿನನಿತ್ಯದ ನೋಟ. ಒಮ್ಮೆ ಗರಡಿಯ ಪೈಲವಾನನೊಬ್ಬ ಎದುರಾಳಿಯನ್ನು ಇನ್ನೇನು ಚಿತ್ತು ಮಾಡಬೇಕೆನ್ನುವಾಗ ಮನೆಯಲ್ಲಿ ಅವನ ಸೋದರತ್ತೆ ಅನ್ನದೊಳಗಿನ ಕಲ್ಲು ಕಡಿದಳಂತೆ. ಪೈಲವಾನ ಗಲ್ಲ ಹಿಡಿದುಕೊಂಡು ಕೆಮ್ಮಣ್ಣಿನಲ್ಲಿ ಕುಳಿತುಬಿಟ್ಟ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಮನೆಯವರೆಲ್ಲ ಸಾಲಾಗಿ ಕುಳಿತು ಬಾಯಿ ತೆರೆಯುತ್ತಾರೆ, ಹೆಣ್ಣಿನ ತಾಯಿ ಒಂದೊಂದಾಗಿ ನೋಡುತ್ತಾಳೆ. ಹಲ್ಲಿನ ಡಾಕ್ಟರ ತಾರಕ್ಕನ ದವಾಖಾನೆಯಲ್ಲಿ ಜೋಡಿ ಕುರ್ಚಿಗಳಿವೆ: ಒಂದು ಹಲ್ಲಿನವರಿಗೆ, ಇನ್ನೊಂದು ನೋವಿನವರಿಗೆ. ತಾರಕ್ಕ ಒಬ್ಬರ ಒಸಡಿಗೆ ಸೂಜಿ ಚುಚ್ಚಿ, "ನೋವು ಸತ್ತಿತೇನು?" ಎಂದು ಇನ್ನೊಬ್ಬರನ್ನು ಕೇಳುತ್ತಾಳೆ. ಸಿಮೆಂಟು ತುಂಬಬೇಕೋ, ಬೇರಿಗೆ ಚಿಕಿತ್ಸೆ ಮಾಡಬೇಕೋ, ಕಿತ್ತೇ ಹಾಕಬೇಕೋ ಎಂಬಲ್ಲಿ ನೋವಿನವರ ಮಾತೇ ಕೊನೆಯದು. ಹಲ್ಲಿನವರು ಬಾಯಿ ತೆರೆದುಕೊಂಡಿರಬೇಕು, ಅಷ್ಟೇ.

ಇಂಥ ಊರಿನಲ್ಲಿ ಒಂದು ಮನೆಯ ಗೌರವ ಯಾವುದರಿಂದ ಎಂದು ಬೇರೆ ಹೇಳಬೇಕಾಗಿಲ್ಲ. ಪ್ರತಿ ಯುಗಾದಿಯ ಬೆಳಿಗ್ಗೆ ಊರ ಹಿರಿಯ ವಿರುಪಣ್ಣ ಸುಣ್ಣದ ಗಡಿಗೆ ಹಿಡಿದು ಮನೆಮನೆಯ ಹೊಸ್ತಿಲಿಗೆ ಬಂದು, "ಈ ಮನ್ಯಾಗ ಈ ವರ್ಷ ಯಾರರ ಗಲ್ಲ ಹಿಡಕೊಂಡ್ರೇನು?" ಎಂದು ಕೇಳುತ್ತಾನೆ. ಇಲ್ಲ ಎಂದರೆ ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಸುಣ್ಣದ ಚುಕ್ಕಿ ಏರುತ್ತದೆ. ಹೌದು ಎಂದರೆ ಅಲ್ಲಿಯವರೆಗಿನ ಚುಕ್ಕಿಗಳೆಲ್ಲ ಒದ್ದೆ ಅರಿವೆಯಲ್ಲಿ ಅಳಿದುಹೋಗುತ್ತವೆ, ಎಣಿಕೆ ಮತ್ತೆ ಮೊದಲಿನಿಂದ. ಮೇಲೆ ಹದಿನಾರು, ಕೆಳಗೆ ಹದಿನಾರು, ಹೀಗೆ ಮೂವತ್ತೆರಡು ಚುಕ್ಕಿ ತುಂಬಿದ ಬಾಗಿಲನ್ನು ಆ ಊರು ಎಂದೂ ಕಂಡಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಏಳೆಂಟಾಗುವಷ್ಟರಲ್ಲಿ ಯಾವುದೋ ಮಗು ಪೆಪ್ಪರಮಿಂಟು ಕದ್ದು ತಿಂದಿರುತ್ತಿತ್ತು.

ನೀಲಗಂಗವ್ವನ ಬಾಗಿಲ ಮೇಲೆ ಮೂವತ್ತೊಂದಿದ್ದವು.

ನೀಲಗಂಗವ್ವನಿಗೆ ಆಗ ಅರವತ್ತನಾಲ್ಕು. ಒಂದೇ ಒಲೆಯ ಮನೆ: ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಮೈದುನ, ಅವನ ಹೆಂಡತಿ, ಮೂವರು ಮೊಮ್ಮಕ್ಕಳು. ದಿನವೂ ಮೂಡಲ ಬಿಸಿಲು ಜಗುಲಿಗೆ ಬೀಳುತ್ತಿದ್ದಂತೆ ಎಲ್ಲರೂ ಹಲ್ಲುಜ್ಜಿ ಸಾಲಾಗಿ ನಿಲ್ಲಬೇಕು. ನೀಲಗಂಗವ್ವ ಚಮಚದ ಹಿಡಿಯಿಂದ ನಾಲಗೆ ಒತ್ತಿ, ಮೇಲಿನ ಸಾಲು, ಕೆಳಗಿನ ಸಾಲು, ಹಲ್ಲು ಹಲ್ಲಿನ ನಡುವಿನ ಸಂದು, ಎಲ್ಲ ನೋಡಿಯೇ ಚಹಾಕ್ಕೆ ಬಿಡುವಳು. ಕಪ್ಪು ಚುಕ್ಕಿಯೊಂದು ಕಂಡರೆ ನೋವು ಹುಟ್ಟುವ ತನಕ ಕಾಯುವ ಮಾತಿಲ್ಲ; ಅದೇ ದಿನ ತಾರಕ್ಕನ ಕುರ್ಚಿ. ಎರಡನೆಯ ಸೊಸೆಯ ಎರಡು ಹಲ್ಲಿಗೆ ಹಾಗೆ ಸಿಮೆಂಟು ಬಿದ್ದಿತ್ತು. ಮೈದುನನ ಹಲ್ಲಿನ ಬುಡದಲ್ಲಿ ಗಟ್ಟಿಯಾಗಿದ್ದ ತಂಬಾಕಿನ ಕರೆಯನ್ನು ಆರು ತಿಂಗಳಿಗೊಮ್ಮೆ ಕೆರೆಸಲಾಗುತ್ತಿತ್ತು. ಮೊಮ್ಮಕ್ಕಳ ಹಾಲುಹಲ್ಲು ಬಿದ್ದ ದಿನಾಂಕಗಳು ಅವಳಿಗೆ ಅವರ ಹುಟ್ಟಿದ ದಿನಗಳಿಗಿಂತ ಚೆನ್ನಾಗಿ ನೆನಪಿದ್ದವು. ಪೇಟೆಯಲ್ಲಿ ಅವಳು ನಡೆದು ಬಂದರೆ ಜನ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತೆರೆದರೆ ಏನು ಕಾಣಿಸೀತೋ ಎಂದು.

ಮೂವತ್ತೆರಡನೆಯ ಯುಗಾದಿಗೆ ಇನ್ನು ಒಂಬತ್ತು ದಿನವಿತ್ತು. ಅದು ಅವಳೊಬ್ಬಳ ಕಾತರವಾಗಿ ಉಳಿದಿರಲಿಲ್ಲ, ಇಡೀ ಊರಿನದಾಗಿತ್ತು. ವಿರುಪಣ್ಣ ಆ ಒಂದು ಚುಕ್ಕಿಗಾಗಿ ಹೊಸ ಸುಣ್ಣ ಅರಳಿಸಿ ಇಟ್ಟಿದ್ದ. ಪರವೂರಿನಿಂದ ಬಂದ ಬೀಗರನ್ನು ಜನ ಮೊದಲು ಕರೆತರುತ್ತಿದ್ದದ್ದು ನೀಲಗಂಗವ್ವನ ಬಾಗಿಲಿಗೆ. ಅವಳು ಅವರಿಗೆ ನೀರು ಕೊಟ್ಟು, ತಾನೇನೂ ಹೇಳದೆ, ಅವರ ಕಣ್ಣು ತಾನಾಗಿ ಮೇಲೇಳುವುದನ್ನು ಕಾಯುತ್ತಿದ್ದಳು.

ಆ ದಿನಗಳಲ್ಲೇ ಅವಳು ಕಿರಿಯ ಸೊಸೆಯನ್ನು ಗಮನಿಸಿದ್ದು. ಕಸ್ತೂರಿ ಕಾರ್ತೀಕದಲ್ಲಿ ಮದುವೆಯಾಗಿ ಬಂದವಳು, ಕಿರಿಯ ಮಗ ಅಡಿವೆಪ್ಪನ ಹೆಂಡತಿ. ಅದೇ ಊರಿನ ಮೂರನೆಯ ಬೀದಿಯ ಹುಡುಗಿ. ಮಾತು ಕಡಿಮೆ, ಕೈ ಚುರುಕು. ಅಂದು ಊಟದ ಹೊತ್ತಿನಲ್ಲಿ ಅವಳು ಬಡಿಸುತ್ತ ಬಡಿಸುತ್ತ ಕಂಬಕ್ಕೆ ಒರಗಿದಳು. ಕೈ ಗಲ್ಲದ ಕಡೆಗೆ ಏರಿತು. ಅರ್ಧ ದಾರಿಯಲ್ಲಿ ನೆನಪಾದಂತೆ ಹೊರಳಿ ಕಿವಿಯ ಬೆಂಡೋಲೆಯನ್ನು ತಿರುವತೊಡಗಿತು.

"ಗಲ್ಲ ಹಿಡಕೊಂಡ್ಯೇನು?"

"ಇಲ್ರಿ ಅತ್ತಿ. ಬೆಂಡೋಲಿ ಚುಚ್ಚತಿತ್ತು."

"ನಿನ್ನೆನೂ ಚುಚ್ಚತಿತ್ತು. ತಗದಿಡು ಅದನ್ನ."

ಅಷ್ಟಕ್ಕೆ ಬಿಟ್ಟಳು, ಆದರೆ ಒಳಗಿನ ಲೆಕ್ಕ ನಿಲ್ಲಲಿಲ್ಲ. ಕಸ್ತೂರಿಗೆ ನೋವಿದ್ದರೆ ಹುಳುಕು ಮನೆಯಲ್ಲೇ ಇದೆ. ಅಂದ ಮೇಲೆ ತನ್ನ ಕಣ್ಣು ತಪ್ಪಿದೆ. ಮೂವತ್ತೊಂದು ವರ್ಷದಲ್ಲಿ ತಪ್ಪದ ಕಣ್ಣು ಈಗ ತಪ್ಪಿದೆ ಎಂಬುದು ಅವಳಿಗೆ ಹುಳುಕಿಗಿಂತ ದೊಡ್ಡ ಸಂಕಟವಾಯಿತು. ಊಟ ಮುಗಿದದ್ದೇ ತಡ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಎಲ್ಲರನ್ನೂ ಮತ್ತೆ ಜಗುಲಿಗೆ ಕರೆದಳು.

ಮೈದುನ ಗೊಣಗಿದ. "ವೈನಿ, ಮುಂಜಾನಿ ನೋಡೀರಲ್ಲ. ಅಷ್ಟರಾಗ ಹೊಸಾ ಹಲ್ಲು ಹುಟ್ಟತಾವೇನು?"

"ಬಾಯಿ ತೆಗಿ ಅಂದೆ. ಮಾತಾಡಾಕ ತೆಗಿ ಅನ್ನಲಿಲ್ಲ."

ಹನ್ನೊಂದು ಬಾಯಿಗಳನ್ನೂ ನೋಡಿದಳು. ಚಮಚದ ಹಿಡಿಯಿಂದ ಹಲ್ಲು ಹಲ್ಲನ್ನೂ ತಟ್ಟುತ್ತ, ತಟ್ಟಿದಾಗಲೆಲ್ಲ ಕಸ್ತೂರಿಯ ಮುಖ ನೋಡಿದಳು. ಅದು ಅಲುಗಲಿಲ್ಲ. ಹನ್ನೊಂದೂ ನಿರ್ಮಲ. ಸಂತೋಷಪಡಬೇಕಾದ ಹೆಂಗಸು ಸೆರಗು ಕೊಡವಿ ಎದ್ದು, ಯಾರಿಗೂ ಹೇಳದೆ, ತಾರಕ್ಕನ ದವಾಖಾನೆಗೆ ನಡೆದಳು.

ತಾರಕ್ಕ ಇಕ್ಕಳ, ಕನ್ನಡಿಗಳನ್ನು ಕುದಿವ ನೀರಿಗೆ ಹಾಕುತ್ತಿದ್ದಳು. ನೀಲಗಂಗವ್ವ ಎರಡು ಕುರ್ಚಿಗಳಲ್ಲಿ ಯಾವುದರಲ್ಲೂ ಕೂರದೆ ಬಾಗಿಲಲ್ಲೇ ನಿಂತಳು.

"ನಮ್ಮ ಬೀಗರ ಪೈಕಿ ಒಂದು ಮನಿ," ಎಂದಳು. "ಎಲ್ಲಾರ ಬಾಯಿನೂ ನೋಡ್ಯಾರ. ಹುಳುಕಿಲ್ಲ. ಆದ್ರೂ ಒಂದು ಹುಡುಗಿಗೆ ನೋವು ಬರಾಕತ್ತೈತಿ. ಹಿಂಗೂ ಆಗತೈತೇನು?"

"ಆಗಂಗಿಲ್ಲ," ಎಂದಳು ತಾರಕ್ಕ, ತಲೆಯೆತ್ತದೆ. "ಎಷ್ಟು ಬಾಯಿ ನೋಡ್ಯಾರ?"

"ಹನ್ನೊಂದು."

"ಆ ಮನ್ಯಾಗ ಉಣ್ಣೋರು ಎಷ್ಟು ಮಂದಿ?"

"ಹನ್ನೆರಡು."

ತಾರಕ್ಕ ಒಲೆ ಸಣ್ಣದು ಮಾಡಿದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿ, ಬಹಳ ಮೆತ್ತಗೆ ಕೇಳಿದಳು: "ನೋಡಿದಾಕಿ ಬಾಯಿ ಯಾರು ನೋಡಿದ್ರವಾ?"

ನೀಲಗಂಗವ್ವ ಬಂದ ದಾರಿಗೆ ತಿರುಗಿದಳು. ಮನೆಯ ದಾರಿಯುದ್ದಕ್ಕೂ ಅವಳ ನಾಲಗೆ ಒಳಗೊಳಗೇ ಹಲ್ಲುಗಳನ್ನು ತಡಕುತ್ತ ಹೋಯಿತು. ಗಂಡ ಇದ್ದಾಗ ಅವನು ನೋಡುತ್ತಿದ್ದ. ಎಲ್ಲರ ಸರದಿ ಮುಗಿದ ಮೇಲೆ ಚಮಚವನ್ನು ಅವಳ ಕೈಯಿಂದ ತೆಗೆದುಕೊಂಡು, "ಈಗ ಸರಕಾರದ ತಪಾಸಣಿ," ಎನ್ನುತ್ತಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ತೋರಿಸಲಿಲ್ಲ. ಅವಳ ಬಾಯಿ ತೆರೆಸುವ ಎದೆ ಆ ಮನೆಯಲ್ಲಿ ಯಾರಿಗಿತ್ತು? ಹಲ್ಲುಜ್ಜುವುದರಲ್ಲಿ ಅವಳು ಒಂದು ದಿನವೂ ತಪ್ಪಿದವಳಲ್ಲ. ಆದರೆ ದವಡೆಯ ಕಟ್ಟಕಡೆಯ ಮೂಲೆಯನ್ನು ತನ್ನಷ್ಟಕ್ಕೆ ತಾನೇ ನೋಡಿಕೊಳ್ಳಲು ಯಾರಿಗೂ ಆಗುವುದಿಲ್ಲ.

ಮನೆಗೆ ಬಂದು ಡಬ್ಬಿಯಿಂದ ಒಂದು ಹಿಡಿ ಹುರಿಗಡಲೆ ತೆಗೆದುಕೊಂಡು ಜಗುಲಿಯ ಮೇಲೆ ಕುಳಿತಳು. ಅಂಗಳದಲ್ಲಿ ಕಸ್ತೂರಿ ಜೋಳ ಕೇರುತ್ತಿದ್ದಳು. ನೀಲಗಂಗವ್ವ ಒಂದು ಕಾಳನ್ನು ಎಡಗಡೆ ಕಡಿದಳು. ಮೊರ ಏರುತ್ತ ಇಳಿಯುತ್ತ ಇತ್ತು. ಮುಂದಿನ ಹಲ್ಲಿನಲ್ಲಿ ಕಡಿದಳು. ಮೊರ ನಿಲ್ಲಲಿಲ್ಲ. ಮೂರನೆಯ ಕಾಳನ್ನು ನಾಲಗೆಯಿಂದ ಬಲಗಡೆಯ ಕೊನೆಯ ಹಲ್ಲಿನ ಮೇಲೆ ಇಟ್ಟು, ಒಂದು ಗಳಿಗೆ ತಡೆದು, ಕಚ್ಚಿದಳು.

ಮೊರ ನೆಲಕ್ಕೆ ಬಿತ್ತು. ಜೋಳ ಅಂಗಳದ ತುಂಬ ಚೆಲ್ಲಾಡಿತು. ಕಸ್ತೂರಿ ಎರಡೂ ಮೊಣಕೈಗಳನ್ನು ಹೊಟ್ಟೆಗೆ ಒತ್ತಿ ಬಗ್ಗಿ ನಿಂತಿದ್ದಳು. ಗಲ್ಲವನ್ನು ಮಾತ್ರ ಮುಟ್ಟಿಕೊಂಡಿರಲಿಲ್ಲ.

ಬಾಯಲ್ಲಿದ್ದದ್ದನ್ನು ನೀಲಗಂಗವ್ವ ಅಂಗೈಗೆ ಉಗಿದಳು. ಎದ್ದು ಹೋಗಿ ಸೊಸೆಯ ಎದುರು ಕುಕ್ಕರಗಾಲಲ್ಲಿ ಕುಳಿತು ಜೋಳ ಬಾಚತೊಡಗಿದಳು.

"ಯಾವತ್ತಿಂದ?"

"ಏನು ಅತ್ತಿ?"

"ಯಾವತ್ತಿಂದ ಅಂತ ಕೇಳಿದೆ."

ಕಸ್ತೂರಿಯೂ ಕುಳಿತಳು. "ಭಾರತ ಹುಣ್ಣಿವಿ ಮರುದಿನದಿಂದ."

ನೀಲಗಂಗವ್ವ ಮನಸ್ಸಿನಲ್ಲೇ ಎಣಿಸಿದಳು. ಮೂವತ್ತಾರು ದಿನ. "ನಂದಂತ ಯಾವಾಗ ಗೊತ್ತಾತು?"

"ಮೂರನೇ ದಿನ. ನೀವು ಹಿತ್ತಲದಾಗ ಕುಂತು ಕಬ್ಬು ತಿಂದ್ರಿ. ನಾನು ಬಚ್ಚಲದಾಗ ಬಾಯಾಗ ಸೆರಗು ತುರುಕ್ಕೊಂಡು ಕುಂತಿದ್ನಿ. ನೀವು ಜಗಿದಾಗೊಮ್ಮೆ ನನಗ ಬರತಿತ್ತು."

"ಕಬ್ಬಿನ ಪೂರಾ ಜಲ್ಲಿ ತಿಂದಿದ್ದೆ."

"ಹೂಂರಿ. ಪೂರಾ ತಿಂದ್ರಿ."

ನೀಲಗಂಗವ್ವನಿಗೆ ಆಗ ಒಂದೊಂದಾಗಿ ತಿಳಿಯುತ್ತ ಬಂತು. ಒಂದು ತಿಂಗಳಿಂದ ತನ್ನ ರೊಟ್ಟಿ ಮಾತ್ರ ಹಾಲಿನಲ್ಲಿ ನೆನೆದು ಬರುತ್ತಿತ್ತು, "ನನಗೇನು ಹಲ್ಲಿಲ್ಲೇನು?" ಎಂದು ಬೈದಿದ್ದಳು. ಕುಡಿಯುವ ನೀರು ತಣ್ಣಗೂ ಇರದೆ ಬಿಸಿಯೂ ಇರದೆ ಬರುತ್ತಿತ್ತು. ಊಟವಾದ ಮೇಲಿನ ಎಲೆಯಲ್ಲಿ ಎರಡು ಲವಂಗ. ಸಾಲದೆಂಬಂತೆ, "ಬಲಗಡಿ ದವಡ್ಯಾಗ ಇಟ್ಗೋರಿ ಅತ್ತಿ, ಬಾಯಿ ಘಮ ಅಂತೈತಿ," ಎಂಬ ಉಪಚಾರ. ಹೊಸ ಸೊಸೆ ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡು ಒಳಗೇ ನಕ್ಕಿದ್ದಳು. ಅತ್ತೆಯ ದವಡೆಯಲ್ಲಿ ಲವಂಗ ಇದ್ದಷ್ಟು ಹೊತ್ತು ಮಾತ್ರ ಈ ಹುಡುಗಿಗೆ ಉಸಿರಾಡಲು ಬಿಡುವು ಸಿಗುತ್ತಿತ್ತು.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

"ಹೆಂಗ ಹೇಳಲಿ? ಬಾಯಿ ತೆಗೀರಿ ಅಂತ ನಿಮಗ ನಾ ಹೇಳೂದಾ?" ಕಸ್ತೂರಿ ಮೊದಲ ಬಾರಿಗೆ ತಲೆಯೆತ್ತಿದಳು. "ಮತ್ತ ಅದು..." ಎಂದು ಬಾಗಿಲ ಮೇಲಕ್ಕೆ ನೋಡಿದಳು. "ಮೂವತ್ತೊಂದು ವರ್ಷ ನಿಂತದ್ದು ನಾ ಬಂದ ವರ್ಷನ ಹೋತು ಅಂತ ಊರಾಗ ಅನಿಸ್ಕೋಬೇಕೇನು? ಇನ್ನ ಒಂಬತ್ತ ದಿನ ಅತ್ತಿ. ಒಂಬತ್ತು ದಿನ ತಡೀತೀನಿ. ಚುಕ್ಕಿ ಬಿದ್ದ ಮರುದಿನ ಹೋಗಿ ತೋರಸೋಣು. ನೀವು ಒಂದೀಟು ಎಡಗಡೀಲೆ ಜಗೀರಿ, ಸಾಕು."

ನೀಲಗಂಗವ್ವ ಆ ಮಾತಿಗೆ ಸೋತಳು ಎಂದು ಮಕ್ತುಂಸಾಬರು ಬಚ್ಚಿಡದೆ ಹೇಳಿದರು. ಪೂರ್ತಿ ಸೋಲಲಿಲ್ಲ, ಆದರೆ ಒಂದು ಗಳಿಗೆ ಸೋತಳು. ಒಂಬತ್ತು ದಿನ ಗಂಜಿ ಕುಡಿದರಾಯಿತು. ಎಲೆ ಅಡಿಕೆ ಬಿಟ್ಟರಾಯಿತು. ತಿಳಿದವರು ಮೂವರೇ, ತಾರಕ್ಕ ಬಾಯಿ ಬಿಡುವವಳಲ್ಲ. ಮೂವತ್ತೆರಡು ಚುಕ್ಕಿಯ ಬಾಗಿಲು, ಅದರ ಕೆಳಗೆ ತಾನು. ಅದನ್ನು ಕಣ್ಣೆದುರು ತಂದುಕೊಂಡು ಅವಳು ಹಾಗೇ ಕುಳಿತಿದ್ದಾಗ ಕಸ್ತೂರಿಯ ಮೇಲ್ದುಟಿಯ ಮೇಲೆ ಸಣ್ಣ ಬೆವರ ಹನಿಗಳು ಮೂಡಿದವು. ಕಣ್ಣು ಮುಚ್ಚಿ ತೆರೆದಳು. ಬೆರಳುಗಳು ಬೆಂಡೋಲೆಯ ಕಡೆ ಹೋದವು.

"ಈಗ ನಾ ಏನೂ ಕಡೀಲಿಲ್ಲಲ್ಲ," ಎಂದಳು ನೀಲಗಂಗವ್ವ.

"ಇಲ್ರಿ. ಈಗೀಗ ಅದು ತಾನ ಬರತೈತಿ."

ನೀಲಗಂಗವ್ವ ಬಾಚಿದ ಜೋಳವನ್ನು ಮೊರಕ್ಕೆ ಸುರಿದು ಎದ್ದಳು. "ಏಳು. ಸೆರಗು ಸರಿ ಮಾಡ್ಕೊ. ಗಲ್ಲ ಹಿಡಕೊ."

"ಅತ್ತಿ?"

"ಹಿಡಕೊ ಅಂದೆ. ಮೂವತ್ತಾರು ದಿನ ಬೆಂಡೋಲಿ ಹಿಡಕೊಂಡು ತಿರಿಗಿದಿ. ಇವತ್ತು ಎಲ್ಲಾರೂ ನೋಡೂ ಹಂಗ ಗಲ್ಲ ಹಿಡಕೊಂಡು ನನ್ನ ಜೋಡಿ ನಡಿ."

ತಾರಕ್ಕನ ದವಾಖಾನೆಗೆ ಹಿತ್ತಿಲ ಸಂದಿಯಿಂದ ಹೋದರೆ ಹತ್ತಿರ. ನೀಲಗಂಗವ್ವ ಪೇಟೆಬೀದಿ ಹಿಡಿದಳು, ಅದೂ ನಟ್ಟನಡುವೆ. ಅಂದು ಸಂತೆಯ ದಿನ. ತರಕಾರಿ ಆರಿಸುತ್ತಿದ್ದವರು ಆರಿಸುವುದನ್ನು ಬಿಟ್ಟರು. ಎದುರುಮನೆಯ ಸೋಮವ್ವ ತನ್ನ ಅಳಿಯನ ಅಂಗಡಿಯ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಅವಳ ಬಾಗಿಲ ಮೇಲೆ ಹತ್ತೊಂಬತ್ತು ಚುಕ್ಕಿಗಳಿದ್ದವು, ಊರಿಗೆ ಎರಡನೆಯದು.

"ಯಾಕ ನೀಲಗಂಗಕ್ಕಾ," ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಒಂಬತ್ತು ದಿನ ತಡೀಲಿಲ್ಲೇನು? ಪಾಪ! ಯಾರ ಹಲ್ಲವಾ ಮನೀ ಮಾನ ಕಳದದ್ದು? ಮೈದುನಂದೇನು?"

"ನಂದು," ಎಂದಳು ನೀಲಗಂಗವ್ವ.

ಅಡಕತ್ತರಿ ನಿಂತಿತು. "ನಿಂದಾ? ಊರ ಮಂದಿ ಬಾಯಾಗ ಇಣಿಕಿ ನೋಡಾಕಿ, ನಿಂದಾ?"

"ಹೂಂ, ನಂದಾ. ಈಕಿ ಮೂವತ್ತಾರು ದಿನ ಅದನ್ನ ನುಂಗ್ಯಾಳ. ಒಂದು ದಿನ ಒಲಿ ಮುಂದಿಂದ ಎದ್ದಿಲ್ಲ, ಒಂದು ದಿನ ಮಾರಿ ಸಣ್ಣದು ಮಾಡಿಲ್ಲ. ನಿನಗೂ ಒಬ್ಬಾಕಿ ಸೊಸಿ ಅದಾಳಲ್ಲ ಸೋಮವ್ವಾ? ಮನೀಗೆ ಹೋಗಿ ಆಕಿ ಕೈ ಎಲ್ಲೈತಿ ನೋಡು."

ಬೀದಿಯಲ್ಲಿ ಕೆಲವರು ನಕ್ಕರು. ಸೋಮವ್ವ ನಗಲಿಲ್ಲ. ಏನನ್ನೋ ನೆನೆಯುವವಳಂತೆ ಅಡಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ತಾರಕ್ಕ ಸಣ್ಣ ಕನ್ನಡಿ ಹಿಡಿದು ನೋಡಿ ಹೇಳಿದ್ದಿಷ್ಟು. ಕೊನೆಯ ದವಡೆಹಲ್ಲಿನ ಬೆನ್ನಿಗೆ, ಒಸಡಿನ ಅಂಚಿನಲ್ಲಿ ಹುಳುಕು. ಮುಂದಿನಿಂದ ನೋಡಿದರೆ ಹಲ್ಲು ಮುತ್ತಿನಂತಿದೆ. ಹುಳುಕು ಒಳಗೆ ನರದ ತನಕ ಇಳಿದಿದೆ, ಬೇರಿನ ತುದಿಯಲ್ಲಿ ಕೀವು ಕೂಡತೊಡಗಿದೆ. ಇನ್ನು ಒಂಬತ್ತು ದಿನ ತಡೆದಿದ್ದರೆ ದವಡೆ ಊದಿ ಬಾಯಿ ತೆರೆಯುವುದೇ ಕಷ್ಟವಾಗುತ್ತಿತ್ತು.

"ಎರಡು ದಾರಿ ಅದಾವ," ಎಂದಳು ತಾರಕ್ಕ. "ಕಿತ್ತರ ಇವತ್ತ ಮುಗೀತು. ಉಳಿಸಬೇಕಂದ್ರ ರೂಟ್ ಕೆನಾಲ್ ಮಾಡಬೇಕು. ಒಳಗಿಂದು ಕೆಟ್ಟ ನರ ತಗದು, ತೊಳದು, ಔಷಧ ಇಟ್ಟು, ತುಂಬಿ, ಮ್ಯಾಲ ಕ್ಯಾಪ್ ಹಾಕಬೇಕು. ಮೂರು ನಾಕು ಸಲ ಬರ್ರಿ."

"ಕಿತ್ತು ಒಗಿ," ಎಂದಳು ನೀಲಗಂಗವ್ವ. "ಮನೀಗೆ ದ್ರೋಹ ಬಗದ ಹಲ್ಲು ಬ್ಯಾಡ ನನಗ."

"ನಿಮ್ಮನ್ನ ಯಾರು ಕೇಳಿದ್ರು?" ತಾರಕ್ಕ ಎರಡನೆಯ ಕುರ್ಚಿಯತ್ತ ತಿರುಗಿದಳು. "ಏನಂತಿ ಕಸ್ತೂರಿ?"

ಕಸ್ತೂರಿ ಅತ್ತೆಯನ್ನು ನೋಡಿದಳು, ನೆಲ ನೋಡಿದಳು, ಮತ್ತೆ ತಾರಕ್ಕನನ್ನು ನೋಡಿದಳು. "ಉಳಸ್ರಿ," ಎಂದಳು.

"ಏ ಹುಡುಗಿ, ಹುಚ್ಚ ಹಿಡದೈತೇನು? ಇನ್ನೂ ಮೂರು ಸಲ ನೋವು ತಿನ್ನಾಕಿ ನೀನು!"

"ನೋವು ನಂದ್ರಿ ಅತ್ತಿ, ಅದಕ್ಕ ಹೇಳಾಕಿನೂ ನಾನ. ಇನ್ನೂ ಇಪ್ಪತ್ತು ವರ್ಷ ನೀವು ರೊಟ್ಟಿ ತಿನ್ನಬೇಕು, ಕಬ್ಬು ತಿನ್ನಬೇಕು. ಹಲ್ಲು ಉಳೀಬೇಕು." ಒಂದು ಉಸಿರು ಬಿಟ್ಟು ಸೇರಿಸಿದಳು: "ಬಾಯಿ ತೆಗೀರಿ."

ಮೂವತ್ತೊಂದು ವರ್ಷ ಈ ಮಾತನ್ನು ಹೇಳಿದ ಹೆಂಗಸು ಒಂಬತ್ತು ವರ್ಷದ ಬಳಿಕ ಅದನ್ನು ಕೇಳಿಸಿಕೊಂಡಳು. ಬಾಯಿ ತೆರೆದಳು.

"ಇನ್ನೂ ಅಗಲ," ಎಂದಳು ಕಸ್ತೂರಿ.

ತಾರಕ್ಕ ಒಸಡಿಗೆ ಸೂಜಿ ಇಳಿಸಿದಳು. ಕಸ್ತೂರಿ ಕುರ್ಚಿಯ ತೋಳನ್ನು ಬಿಗಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ, "ನೋವು ಸತ್ತಿತೇನು?" ಎಂದು ತಾರಕ್ಕ ಕೇಳುವಾಗ ಅವಳ ಹಿಡಿತ ಸಡಿಲಿತು. ಕೈ ತೋಳಿನಿಂದ ಜಾರಿ ಮಡಿಲಿಗೆ ಬಿತ್ತು, ಕೊರಳು ಒಂದು ಬದಿಗೆ ವಾಲಿತು. ಮೂವತ್ತಾರು ದಿನಗಳಲ್ಲಿ ಮೊದಲ ಬಾರಿಗೆ ನೋವು ಪೂರ್ತಿ ಬಿಟ್ಟು, ಕುಳಿತಲ್ಲೇ ಅವಳಿಗೆ ನಿದ್ದೆ ಹತ್ತಿಬಿಟ್ಟಿತ್ತು. ಯಂತ್ರ ಗುಂಯ್ಗುಡತೊಡಗಿತು. ನೀಲಗಂಗವ್ವ ಅಗಲವಾಗಿ ಬಾಯಿ ತೆರೆದುಕೊಂಡು, ಕಣ್ಣನ್ನಷ್ಟೇ ಪಕ್ಕಕ್ಕೆ ಹೊರಳಿಸಿ, ಕೆಲಸ ಮುಗಿಯುವವರೆಗೂ ಸೊಸೆ ಮಲಗಿರುವುದನ್ನೇ ನೋಡುತ್ತಿದ್ದಳು. ದವಾಖಾನೆಯಲ್ಲಿ ತಾರಕ್ಕನಿಗೆ ಹತ್ತಿ ತಂದುಕೊಡುವ ಹೆಂಗಸು ಬಾಗಿಲನ್ನು ಜೋರಾಗಿ ಹಾಕಿದಾಗ ಬಾಯಲ್ಲಿ ಯಂತ್ರ ಇರುವಂತೆಯೇ ಕೈಯೆತ್ತಿ ಗದರಿಸಿದಳಂತೆ.

ಸಂಜೆ ವಿರುಪಣ್ಣ ಬಂದ. ಒದ್ದೆ ಅರಿವೆ ತಂದಿರಲಿಲ್ಲ. ಜಗುಲಿಯ ಮೇಲೆ ಕುಳಿತು ಬಾಗಿಲ ಮೇಲಿನ ಚುಕ್ಕಿಗಳನ್ನು ಮತ್ತೊಮ್ಮೆ ಎಣಿಸಿ, "ನೀಲಗಂಗವ್ವಾ, ಇದು ನಿನ್ನೊಬ್ಬಾಕಿ ಚುಕ್ಕಿ ಅಲ್ಲ," ಎಂದ. "ಊರಿಗೆ ಒಂದು ಮೂವತ್ತೆರಡು ಬೇಕಾಗಿತ್ತು. ನಾ ಸಾಯೂದ್ರಾಗ ನೋಡಬೇಕಂತಿದ್ದೆ. ಪೇಟ್ಯಾಗ ನೀ ಹಂಗ ಹೋಗದಿದ್ರ..."

"ಹೋಗದಿದ್ರ ನೀ ಬಳೀತಿದ್ದಿ. ಗೊತ್ತೈತಿ."

"ಈಗೂ ಒಂದು ಮಾತು ಹೇಳು. ಸೊಸಿಗೆ ಕಿವಿ ನೋವಿತ್ತು ಅಂತನ್ನು."

"ನನ್ನ ಸೊಸಿ ಬೆಂಡೋಲಿ ಹಿಡಕೊಂಡಾಗ ಅದನ್ನ ಹೇಳಿದ್ಲು. ಆಕಿ ಹೇಳಿದ ಸುಳ್ಳಿಗೆ ಮೂವತ್ತಾರು ದಿನದ ನೋವಿತ್ತು. ನಿಂದಕ್ಕ ಏನೈತಿ?"

ಅವಳು ತಾನೇ ಮಣೆ ತಂದು, ಅದರ ಮೇಲೆ ಹತ್ತಿ, ಅರಿವೆ ಹಿಂಡಿ ಒಂದೊಂದೇ ಚುಕ್ಕಿಯನ್ನು ಒರೆಸಿದಳು. ಅವಸರಪಡಲಿಲ್ಲ. ಪ್ರತಿ ಚುಕ್ಕಿಯನ್ನು ಒರೆಸುವಾಗ ಆ ವರ್ಷ ಏನಾಗಿತ್ತೆಂದು ಹೇಳುತ್ತ ಹೋದಳು: ಇದು ಹಿರಿಯವನಿಗೆ ಹಾಲುಹಲ್ಲು ಬಿದ್ದ ವರ್ಷ, ಇದು ಮೈದುನನ ತಂಬಾಕಿನ ಕರೆಯನ್ನು ಮೊದಲ ಸಲ ಕೆರೆಸಿದ ವರ್ಷ. ಗಂಡ ತೀರಿಕೊಂಡ ವರ್ಷದಿಂದಾಚೆಗೆ ಏನೂ ಹೇಳದೆ ಒರೆಸಿದಳು. ಮರುದಿನ ಬೆಳಿಗ್ಗೆ ಹನ್ನೊಂದು ಬಾಯಿಗಳನ್ನು ನೋಡಿ ಮುಗಿಸಿದವಳೇ ಚಮಚವನ್ನು ಕಸ್ತೂರಿಯ ಕೈಗೆ ಕೊಟ್ಟು ಬಿಸಿಲಿಗೆ ಮುಖ ಮಾಡಿ ಕುಳಿತಳು. ಕಸ್ತೂರಿ ಹೆದರುತ್ತ ಹೆದರುತ್ತ ಇಣುಕಿದಳು. ಆಮೇಲೆ ಹೆದರಿಕೆ ಮರೆತಳು.

"ಅತ್ತಿ, ಎಡಗಡಿ ಸಂದ್ಯಾಗ ಅಡಿಕಿ ಸಿಕ್ಕೈತಿ. ಬಚ್ಚಲಕ್ಕ ಹೋಗಿ ಮತ್ತ ತೊಳಕೊಂಡು ಬರ್ರಿ."

ಅವಳು ಎದ್ದು ಹೋದಳು. ಮೈದುನ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಮೂವತ್ತೊಂದು ವರ್ಷದಲ್ಲಿ ಆ ಜಗುಲಿಯ ಮೇಲೆ ಅವನು ನಕ್ಕದ್ದು ಅಂದೇ ಎಂದು ಹೇಳುತ್ತಾರೆ.

ಮುಂದಿನ ಎಂಟು ದಿನ ತಾರಕ್ಕನಿಗೆ ಊಟಕ್ಕೂ ಬಿಡುವಾಗಲಿಲ್ಲ. ಮೊದಲು ಬಂದವಳು ಸೋಮವ್ವ, ಮುಖದ ತುಂಬ ಸೆರಗು ಹೊದ್ದು, ಹಿತ್ತಿಲ ಬಾಗಿಲಿಂದ. ಹಿಂದೆ ಅವಳ ಸೊಸೆ. ಸೋಮವ್ವನ ಬಾಯಲ್ಲಿ ಎರಡು ಹುಳುಕು. ಸೊಸೆ ಹನ್ನೊಂದು ತಿಂಗಳಿಂದ ತಲೆಶೂಲೆ ಎಂದು ಹೇಳುತ್ತ ಬಂದಿದ್ದಳು. ಆಮೇಲೆ ಗರಡಿಯ ವಸ್ತಾದ. ಆಮೇಲೆ ಶಾಲೆಯ ಹೆಡ್‌ಮಾಸ್ತರರು. ಯಾವ ಯಾವ ಮನೆಯಲ್ಲಿ ಎಲ್ಲರ ಬಾಯಿ ನೋಡುವ ಒಬ್ಬರಿದ್ದರೋ ಆ ಮನೆಗಳಲ್ಲೆಲ್ಲ ಅವರ ಬಾಯಿಯನ್ನು ನೋಡಿದವರಿರಲಿಲ್ಲ. ಆ ನೋವನ್ನು ತಿನ್ನುತ್ತಿದ್ದವರು ಕಿವಿಯ ಮೇಲೋ ಕಣ್ಣಿನ ಮೇಲೋ ಹಾಕಿ ಸುಮ್ಮನಿದ್ದರು. ಮೂರನೆಯ ದಿನದ ಹೊತ್ತಿಗೆ ಜನ ಮುಂಬಾಗಿಲಿಂದಲೇ ಬರತೊಡಗಿದರು. ಬೀದಿ ಬೀದಿಯಲ್ಲಿ ಹೆಂಗಸರು, ಗಂಡಸರು ಮಣೆ ಹತ್ತಿ ನಿಂತು ತಮ್ಮ ಬಾಗಿಲನ್ನು ತಾವೇ ಒರೆಸುವುದು ಕಾಣಿಸಿತು.

ಯುಗಾದಿಯ ಬೆಳಿಗ್ಗೆ ವಿರುಪಣ್ಣ ಹೊಸ ಸುಣ್ಣದ ಗಡಿಗೆ ಹಿಡಿದು ಏಳು ಬೀದಿ ಸುತ್ತಿದ. ನಾಲ್ಕೇ ಮನೆಗಳಿಗೆ ಚುಕ್ಕಿ ಬಿತ್ತು. ನಾಲ್ಕೂ ಒಂಟಿ ಚುಕ್ಕಿ, ನಿನ್ನೆ ಮೊನ್ನೆ ಒಲೆ ಹೂಡಿದ ಹೊಸ ಗಂಡಹೆಂಡಿರ ಮನೆಗಳು. ಕೊನೆಗೆ ನೀಲಗಂಗವ್ವನ ಹೊಸ್ತಿಲಿಗೆ ಬಂದ. ಅವಳು ಹೊಸ ಇಳಕಲ್ ಸೀರೆ ಉಟ್ಟು ಬರಿಯ ಅಡ್ಡಪಟ್ಟಿಯ ಕೆಳಗೆ ನಿಂತಿದ್ದಳು. ಹಿಂದೆ ಮನೆಯವರೆಲ್ಲ. ಉತ್ತರ ಗೊತ್ತಿದ್ದರೂ ಕೇಳಲೇಬೇಕಾದ ನೇಮ. ವಿರುಪಣ್ಣ ತಗ್ಗಿದ ದನಿಯಲ್ಲಿ ಕೇಳಿದ:

"ಈ ಮನ್ಯಾಗ ಈ ವರ್ಷ ಯಾರರ ಗಲ್ಲ ಹಿಡಕೊಂಡ್ರೇನು?"

ಈ ಪ್ರಶ್ನೆಗೆ ಹೌದು ಎನ್ನಬೇಕಾದವರು ಅಲ್ಲಿಯವರೆಗೆ ತಲೆ ತಗ್ಗಿಸಿ, ತುಟಿಯಲ್ಲೇ ಅನ್ನುತ್ತಿದ್ದರು. ನೀಲಗಂಗವ್ವ ಕಸ್ತೂರಿಯ ತೋಳು ಹಿಡಿದು ಮುಂದಕ್ಕೆ ತಂದು ತನ್ನ ಪಕ್ಕದಲ್ಲಿ ನಿಲ್ಲಿಸಿದಳು.

"ಹಿಡಕೊಂಡ್ರು!" ಎಂದಳು, ಬೀದಿಯ ಆ ತುದಿಗೂ ಕೇಳುವಂತೆ. "ನಮ್ಮ ಕಸ್ತೂರಿ! ಮೂವತ್ತಾರು ದಿನ! ನನ್ನ ಹಲ್ಲಿಂದು!"

ವಿರುಪಣ್ಣ ಗಡಿಗೆಯನ್ನು ಕೆಳಗಿಟ್ಟ. ಎದುರು ಸಾಲಿನ ಮನೆಗಳಿಂದ ಸೋಮವ್ವನ ದನಿ ಕೇಳಿಸಿತು: "ಹನ್ನೊಂದು ತಿಂಗಳು! ನಮ್ಮನಿ ಸೊಸಿ ಹನ್ನೊಂದು ತಿಂಗಳು!" ಆಮೇಲೆ ಇನ್ನೊಂದು ಬಾಗಿಲಿಂದ ಯಾರೋ ತಮ್ಮ ಮಗನ ಹೆಸರು ಕೂಗಿದರು, ಮತ್ತೊಂದರಿಂದ ತಮ್ಮ ಮುದುಕನ ಹೆಸರು. ಹೆಸರು ಕೂಗಿಸಿಕೊಂಡವರು ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ನಿಂತರು. ಆ ವರ್ಷ ಆ ಊರಿನಲ್ಲಿ ಬೇವುಬೆಲ್ಲವನ್ನು ಮೊದಲು ಕೊಟ್ಟದ್ದು ಅವರ ಕೈಗೆ.

ಇಷ್ಟು ಹೇಳಿ ಮಕ್ತುಂಸಾಬರು ಕೊನೆಯ ಪಾತ್ರೆಯನ್ನು ನೀರಿಗೆ ಅದ್ದಿದರು. ಅದು ಚುರ್ರೆಂದು ಸದ್ದು ಮಾಡಿ, ಬೆಳ್ಳಗೆ ಮೇಲೆದ್ದಿತು.

"ಮುಂದ ಮೂವತ್ತೆರಡು ಆತೇನ್ರಿ?" ಎಂದು ಒಬ್ಬಳು ಕೇಳಿದಳು.

"ನಾ ಕಡೀ ಸಲ ಹೋದಾಗ ಆ ಬಾಗಿಲಕ್ಕ ಎಂಟಿದ್ದವು. ಎಂಟೂ ಖರೇವು. ತಗೋರಿ, ಯಾರ್ದು ಈ ಕೊಡ?"

ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಪಾತ್ರೆಗಳು ಇನ್ನೂ ಬೆಚ್ಚಗಿದ್ದುದರಿಂದ ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಏರಿಸಿಕೊಂಡು, ಒಬ್ಬರ ಹಿಂದೆ ಒಬ್ಬರು ಮನೆಯ ದಾರಿ ಹಿಡಿದರು.